ಅಧ್ಯಯನ ಲೇಖನ: ಜಾವಾ ಕಲಿಕೆಯ ಆರಂಭಿಕ ದೋಷಗಳು ಮತ್ತು ಕರಪಟ್ಟಿಯ ಹೆಸರುಗಳು

ಗ್ರಾಮ ಪಂಚಾಯತ್ ಅರಿವು ಕೇಂದ್ರದ ಗಣಕಯಂತ್ರದಲ್ಲಿ ಜಾವಾ ಭಾಷೆಯನ್ನು ಕಲಿಯುವ ವಿದ್ಯಾರ್ಥಿಯು ಅಭ್ಯಾಸಕ್ಕೆಂದು ನೀರಿನ ಕರದ ಪಟ್ಟಿಯನ್ನು ಆರಿಸಿಕೊಂಡಲ್ಲಿ, ಅದರ ಫಲಿತಾಂಶವನ್ನು ಪರಿಶೀಲಿಸಲು ಮಾನ್ಯ ಸದಸ್ಯರಿಗಿಂತ ಅರ್ಹರು ಬೇರಿಲ್ಲ. ಯಾವ ಮನೆಯ ಕರ ಬಾಕಿ ಇದೆ, ಯಾವುದು ಪಾವತಿಯಾಗಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಈ ಪಾಠವನ್ನು ಆ ಉದ್ದೇಶದಿಂದಲೇ ಸಿದ್ಧಪಡಿಸಲಾಗಿದೆ.

ಸಾಲಿನ ಕೊನೆಯ ಅರ್ಧವಿರಾಮ (;) ಬಿಟ್ಟುಹೋಗುವುದು, ತೆರೆದ ಪುಷ್ಪಾವರಣವನ್ನು { ಮುಚ್ಚದಿರುವುದು, ‘ಸ್ಟ್ರಿಂಗ್’ ಪದದ ಮೊದಲ ಇಂಗ್ಲಿಷ್ ಅಕ್ಷರವನ್ನು ಚಿಕ್ಕದಾಗಿ ಬರೆಯುವುದು ಮುಂತಾದ ದೋಷಗಳಿಗೆ ಅಂಜಬೇಕಿಲ್ಲ. ಕಂಪೈಲರ್ ಇವುಗಳನ್ನು ಸಾಲಿನ ಸಂಖ್ಯೆಯೊಡನೆ ತೋರಿಸುತ್ತದೆ. ಒಂದೇ ಲೋಪಕ್ಕೆ ಹಲವು ದೋಷಗಳು ಮೂಡುವುದುಂಟು. ಮೊದಲನೆಯದನ್ನು ಸರಿಪಡಿಸಿ ಮತ್ತೆ ಕಂಪೈಲ್ ಮಾಡಿದರೆ ಉಳಿದವು ಬಹುಪಾಲು ತಾವಾಗಿಯೇ ಮಾಯವಾಗುತ್ತವೆ.

ಮೌನವಾಗಿ ಉಳಿಯುವ ದೋಷಗಳೇ ತೊಂದರೆಯವು. ‘ಇಫ್ (ಬಾಕಿ > 0);’ ಎಂದು ಷರತ್ತಿನ ಪಕ್ಕದಲ್ಲಿಯೇ ಅರ್ಧವಿರಾಮ ಹಾಕಿದರೆ ಷರತ್ತು ಅಲ್ಲಿಗೇ ಮುಗಿಯುತ್ತದೆ. ಕೆಳಗಿನ ಆದೇಶ ಎಲ್ಲರಿಗೂ ಅನ್ವಯವಾಗಿ, ಕರ ಕಟ್ಟಿದವರ ಹೆಸರಿಗೂ ಬೇಡಿಕೆ ನೋಟಿಸು ಮುದ್ರಣವಾಗುತ್ತದೆ. ಹಾಗೆಯೇ "ಒಟ್ಟು: " + 100 + 20 ಎಂದು ಬರೆದರೆ 120ರ ಬದಲು 10020 ಬರುತ್ತದೆ, ಪಠ್ಯದ ನಂತರದ + ಚಿಹ್ನೆ ಕೂಡಿಸುವುದಿಲ್ಲ, ಜೋಡಿಸುತ್ತದೆ. (100 + 20) ಎಂದು ಆವರಣದಲ್ಲಿ ಇಡತಕ್ಕದ್ದು.

ಹೆಸರುಗಳ ಹೋಲಿಕೆಯಲ್ಲಿ ವಿಶೇಷ ಎಚ್ಚರಿಕೆ ಬೇಕು. == ಚಿಹ್ನೆಯು ಎರಡು ಹೆಸರುಗಳ ಅಕ್ಷರಗಳನ್ನು ಹೋಲಿಸುವುದಿಲ್ಲ; ಅವೆರಡೂ ಸ್ಮೃತಿಯಲ್ಲಿರುವ ಒಂದೇ ವಸ್ತುವೇ ಎಂಬುದನ್ನಷ್ಟೇ ನೋಡುತ್ತದೆ. ಪ್ರೋಗ್ರಾಂನಲ್ಲಿಯೇ ಉದ್ಧರಣ ಚಿಹ್ನೆಯೊಳಗೆ ಬರೆದ ಒಂದೇ ಪಠ್ಯಕ್ಕೆ ಜಾವಾ ಒಂದೇ ವಸ್ತುವನ್ನು ಬಳಸುವುದರಿಂದ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಕೀಲಿಮಣೆಯಿಂದಲೋ ಕಡತದಿಂದಲೋ ಅದೇ ಹೆಸರು ಬಂದಾಗ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಆದ್ದರಿಂದ ‘ಈಕ್ವಲ್ಸ್’ ವಿಧಾನವನ್ನೇ ಬಳಸತಕ್ಕದ್ದು, ಪರೀಕ್ಷೆಯನ್ನೂ ಕೀಲಿಮಣೆಯಿಂದ ಹೆಸರು ಟೈಪಿಸಿಯೇ ನಡೆಸತಕ್ಕದ್ದು. ಅಲ್ಲಿಯೂ ಒಂದು ತೊಡಕಿದೆ: ‘ನೆಕ್ಸ್ಟ್‌ಇಂಟ್’ ಮೂಲಕ ಮನೆ ಸಂಖ್ಯೆ ಓದಿದ ಬೆನ್ನಿಗೆ ‘ನೆಕ್ಸ್ಟ್‌ಲೈನ್’ ಕರೆದರೆ, ಉಳಿದಿದ್ದ ಎಂಟರ್ ಕೀಲಿಯ ಗುರುತು ಓದಲ್ಪಟ್ಟು ಹೆಸರು ಖಾಲಿಯಾಗಿ ಬರುತ್ತದೆ. ನಡುವೆ ಇನ್ನೊಂದು ‘ನೆಕ್ಸ್ಟ್‌ಲೈನ್’ ಸೇರಿಸಿದರೆ ಸಾಕು.

ಹೆಸರಿನ ಕೊನೆಯಲ್ಲಿ ಉಳಿದ ಖಾಲಿ ಜಾಗವೂ ಹೋಲಿಕೆಯನ್ನು ಕೆಡಿಸುತ್ತದೆ. ಅದನ್ನು ತೆಗೆಯಲು ‘ಹೆಸರು.ಟ್ರಿಮ್();’ ಎಂದಷ್ಟೇ ಬರೆದು ಸುಮ್ಮನಾಗುವವರು ಅನೇಕರು. ಜಾವಾದ ಸ್ಟ್ರಿಂಗ್ ಒಮ್ಮೆ ರಚನೆಯಾದ ಮೇಲೆ ಬದಲಾಗುವುದಿಲ್ಲ. ಟ್ರಿಮ್ ಕೊಡುವುದು ಹೊಸ ಸ್ಟ್ರಿಂಗನ್ನು. ‘ಹೆಸರು = ಹೆಸರು.ಟ್ರಿಮ್();’ ಎಂದು ಮರಳಿ ತುಂಬಿಕೊಳ್ಳಬೇಕು.

ಕನ್ನಡಕ್ಕೇ ಸಂಬಂಧಿಸಿದ ತೊಡಕು ಪಠ್ಯಪುಸ್ತಕಗಳಲ್ಲಿ ವಿರಳ. ‘ಗ್ರಾಮ’ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಎರಡು. ಜಾವಾ ಎಣಿಸುವುದು ಐದು: ಗಕಾರ, ವಿರಾಮ ಚಿಹ್ನೆ, ರಕಾರ, ದೀರ್ಘ, ಮಕಾರ. ‘ಕೊಟ್ರಪ್ಪ’ ಎಂಬ ಹೆಸರಿನ ಒಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ‘ಈಕ್ವಲ್ಸ್’ ದೃಷ್ಟಿಯಲ್ಲಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಹೋಲಿಕೆಗೆ ಮುನ್ನ ಎರಡೂ ಪಟ್ಟಿಗಳ ಹೆಸರುಗಳನ್ನು ಜಾವಾದ ‘ನಾರ್ಮಲೈಸರ್’ ಮೂಲಕ ‘ಎನ್‌ಎಫ್‌ಸಿ’ ರೂಪಕ್ಕೆ ತಂದರೆ ಈ ಭೇದ ಅಳಿಯುತ್ತದೆ.

ಇಷ್ಟರ ನಂತರವೂ ಹೊಂದಿಕೆಯಾಗದ ಹೆಸರುಗಳನ್ನು ಪ್ರೋಗ್ರಾಂ ಬಾಕಿದಾರರ ಪಟ್ಟಿಗೆ ಸೇರಿಸಬಾರದು. ಅವುಗಳನ್ನು ಪ್ರತ್ಯೇಕವಾಗಿ ಮುದ್ರಿಸಿ, ಸಂಬಂಧಿಸಿದ ವಾರ್ಡಿನ ಸದಸ್ಯರಿಂದ ರಸೀದಿಯೊಡನೆ ತಾಳೆ ನೋಡಿಸುವುದು.