ಸ್ಟೋನ್‌ಫಿಶ್: ಕಲ್ಲಿನಂತೆ ಕೂರುವ ವಿಷಮೀನು

ವೈಜ್ಞಾನಿಕ ಹೆಸರು ಸೈನಾನ್ಸಿಯಾ ವೆರುಕೋಸಾ. ಕೆಂಪು ಸಮುದ್ರದಿಂದ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ವರೆಗೆ, ನಮ್ಮ ಅಂಡಮಾನ್ ಮತ್ತು ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಇದರ ವಾಸ. ಗುರುತು: ಹುರುಪೆಯಿಲ್ಲದ ಗಂಟುಗಂಟಾದ ಮೈ, ಮೇಲ್ಮುಖ ಬಾಯಿ, ಬೆನ್ನಿನಲ್ಲಿ ಸಾಮಾನ್ಯವಾಗಿ 13 ಮುಳ್ಳು.

ಪಾಚಿ ಹತ್ತಿದ ಕಲ್ಲಿನಂತೆ ತಳದಲ್ಲಿ ಬಿದ್ದಿದ್ದು, ಹತ್ತಿರ ಸುಳಿದ ಸಿಗಡಿ, ಸಣ್ಣ ಮೀನುಗಳನ್ನು ರೆಪ್ಪೆ ಬಡಿಯುವುದರೊಳಗೆ ನುಂಗುತ್ತದೆ. ವಿಷ ಮಾತ್ರ ಬೇಟೆಗಲ್ಲ, ರಕ್ಷಣೆಗೆ. ಯಾರಾದರೂ ತುಳಿದರೆ ಆ ಒತ್ತಡಕ್ಕೆ ಮುಳ್ಳಿನ ಇಕ್ಕೆಲದ ಗ್ರಂಥಿಗಳಿಂದ ವಿಷ ಗಾಯಕ್ಕೆ ಇಳಿಯುತ್ತದೆ. ಅದು ಪ್ರೋಟೀನ್, ಶಾಖಕ್ಕೆ ಕೆಡುತ್ತದೆ. ಹಾಗಾಗಿಯೇ ಪ್ರಥಮ ಚಿಕಿತ್ಸೆ ಮಂಜುಗಡ್ಡೆಯಲ್ಲ, ಸುಮಾರು 45 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರು. ಪ್ರತಿವಿಷ ಆಸ್ಟ್ರೇಲಿಯಾದಲ್ಲಿ ತಯಾರಾಗುತ್ತದೆ.

ಇನ್ನೊಂದು ವಿಷಮೀನಾದ ಲಯನ್‌ಫಿಶ್ ಜೊತೆ ಗೊಂದಲ ಬೇಡ: ಅದು ಪಟ್ಟೆ ತೋರಿಸಿ ಎಚ್ಚರಿಸುತ್ತದೆ, ಇದು ಅಡಗಿ ಕೂರುತ್ತದೆ.