ಕತ್ತರಿಯನ್ನೂ ಒಮ್ಮೆ ಪರೀಕ್ಷಿಸು

ಪುಟ್ಟಿ, ನಿನ್ನ ಗೈಡ್ ಕೊನೆಗೂ ಬೇಕಾದ ಅಂಗದಿಂದಷ್ಟೇ ಒಂದು ಜೀನನ್ನು ತೆಗೆಯಲು ಬರುವ ಎರಡು ಜೋಡಿ ಫ್ಲಾಕ್ಸ್ ಇಲಿಗಳನ್ನು ನಿನ್ನ ಕೈಗೊಪ್ಪಿಸಿದರಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅವಳಿಗೆ ಅದೇನೆಂದು ಗೊತ್ತಿಲ್ಲದಿದ್ದರೂ ದನಿಯಲ್ಲಿ ಹಿಗ್ಗಿತ್ತು. ನನಗೆ ಅದೇನೆಂದು ಚೆನ್ನಾಗಿ ಗೊತ್ತು. ಅದಕ್ಕೇ ಹಿಗ್ಗಿನ ಜೊತೆ ಸಣ್ಣ ಕಳವಳವೂ ಆಯಿತು. ದೊಡ್ಡಮ್ಮನ ಮಾತು ಅಂತ ನಾಲ್ಕು ನಿಮಿಷ ಕೇಳು.

ಇಡೀ ಮೈಯಿಂದ ಜೀನನ್ನು ತೆಗೆಯುವುದಕ್ಕೂ ಒಂದೇ ಅಂಗದಿಂದ ತೆಗೆಯುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎನ್ನುವುದಕ್ಕೆ ಇನ್ಸುಲಿನ್ ಗ್ರಾಹಕದ ಕತೆ ನೆನಪಿಟ್ಟುಕೊ. ಆ ಗ್ರಾಹಕವೇ ಇಲ್ಲದ ಇಲಿಮರಿಗಳು ಹುಟ್ಟುವಾಗ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತವೆ. ಹಾಲು ಕುಡಿಯತೊಡಗಿದ ಮೇಲೆ ರಕ್ತದಲ್ಲಿ ಸಕ್ಕರೆ ಏರಿ, ಕೆಲವೇ ದಿನಗಳಲ್ಲಿ ಸತ್ತುಹೋಗುತ್ತವೆ. ಜನರಲ್ಲಿ ಹೆಚ್ಚಾಗಿ ಕಾಣುವ ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಒಳಗೊಳಗೇ ಬೆಳೆಯುವಂಥದ್ದು. ವಾರ ತುಂಬದ ಮರಿಯಿಂದ ಅದರ ಬಗ್ಗೆ ಏನು ತಿಳಿದೀತು?

ಬಾಸ್ಟನ್ನಿನ ಜಾಸ್ಲಿನ್ ಮಧುಮೇಹ ಕೇಂದ್ರದಲ್ಲಿ ರೊನಾಲ್ಡ್ ಕಾನ್ ಮತ್ತು ಸಂಗಡಿಗರು ಅದೇ ಗ್ರಾಹಕವನ್ನು ಒಂದೊಂದೇ ಅಂಗದಿಂದ ತೆಗೆಯುತ್ತಾ ಹೋದರು. 1998ರಲ್ಲಿ ಸ್ನಾಯುವಿನಿಂದ ತೆಗೆದರು. ಇನ್ಸುಲಿನ್ ಹೇಳಿದಂತೆ ರಕ್ತದಿಂದ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದು ಸ್ನಾಯು. ಹಾಗಾಗಿ ಇಲಿಗೆ ಸಕ್ಕರೆ ಕಾಯಿಲೆ ಬಂದೇ ಬರುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಿದ್ದರು. ಬರಲಿಲ್ಲ. ರಕ್ತದಲ್ಲಿ ಕೊಬ್ಬು ಏರಿತು, ಸಕ್ಕರೆ ಮಾತ್ರ ಇದ್ದಂತೆಯೇ ಇತ್ತು. 2000ದಲ್ಲಿ ಯಕೃತ್ತಿನಿಂದ ತೆಗೆದಾಗ ಸಕ್ಕರೆಯ ಹತೋಟಿ ಕೆಟ್ಟೇ ಹೋಯಿತು. ಕೊಬ್ಬಿನ ಅಂಗಾಂಶದಿಂದ ತೆಗೆದ ಇಲಿಗಳಂತೂ ತೆಳ್ಳಗೆ ಉಳಿದು, ಸರಾಸರಿ ಶೇಕಡಾ 18ರಷ್ಟು ಹೆಚ್ಚು ಕಾಲ ಬದುಕಿದವು. ಜೀನ್ ಒಂದೇ. ತೆಗೆದ ಜಾಗ ಬೇರೆಯಾದಂತೆ ಉತ್ತರವೂ ಬೇರೆಯಾಯಿತು. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಿರಲಿಲ್ಲ.

ಕೆಲಸದ ಬಗೆ ನಿನಗೆ ಗೊತ್ತಿರುವುದೇ. ಜೀನಿನ ಎರಡೂ ಬದಿಗೆ 34 ಅಕ್ಷರದ ಲಾಕ್ಸ್‌ಪಿ ಗುರುತು; ಹಾಗೆ ಗುರುತು ಹಾಕಿದ್ದೇ ಫ್ಲಾಕ್ಸ್. ಬ್ಯಾಕ್ಟೀರಿಯಾವನ್ನು ಮುತ್ತುವ ಪಿ1 ಎಂಬ ವೈರಸ್‌ನಿಂದ ತಂದ ಕ್ರೀ ಎಂಬ ಕಿಣ್ವ ಆ ಗುರುತುಗಳ ನಡುವಿನದನ್ನು ಕತ್ತರಿಸುತ್ತದೆ. ಕ್ರೀ ಯಾವ ಅಂಗದಲ್ಲಿ ಹುಟ್ಟಬೇಕೆಂದು ಹೇಳುವುದು ಪ್ರೊಮೋಟರ್. 1994ರಲ್ಲಿ ಕ್ಲಾಸ್ ರಾಯೆವ್‌ಸ್ಕಿ ಮತ್ತು ಜೊತೆಗಾರರು ಟಿ ಜೀವಕೋಶಗಳಲ್ಲಷ್ಟೇ ಒಂದು ಜೀನನ್ನು ಹೀಗೆ ಅಳಿಸಿ ತೋರಿಸಿದ ಮೇಲೆ ನಾವೆಲ್ಲ ಇದರ ಹಿಂದೆ ಬಿದ್ದೆವು.

ನಾನೂ ಬಿದ್ದೆ, ಮುಗ್ಗರಿಸಿದೆ. ಮಿದುಳಿನಲ್ಲಿ ಒಂದು ಜೀನನ್ನು ತೆಗೆಯಲು ನೆಸ್ಟಿನ್-ಕ್ರೀ ಬಳಸಿದ್ದೆ. ಮರಿಗಳು ಕುಗ್ಗಿ ಸಣ್ಣಗಾದವು. ಈ ಜೀನೇ ಬೆಳವಣಿಗೆಯನ್ನು ನಡೆಸುತ್ತದೆಂದು ನಂಬಿ ಎಂಟು ತಿಂಗಳು ತೂಕ ಬರೆದುಕೊಂಡೆ. ಕಂಟ್ರೋಲ್ ಎಂದು ಇಟ್ಟುಕೊಂಡಿದ್ದು ಕ್ರೀ ಇಲ್ಲದ ಫ್ಲಾಕ್ಸ್ ಇಲಿಗಳನ್ನು ಮಾತ್ರ. ಒಂದು ದಿನ ಅನಿಮಲ್ ಹೌಸಿನಲ್ಲಿ ಪಂಜರ ಬದಲಿಸುತ್ತಿದ್ದಾತ, “ಮೇಡಂ, ಆ ಕಡೆ ರ‍್ಯಾಕಿನ ಇಲಿಗಳೂ ಹಿಂಗೇ ಹಗುರ ಇದಾವಲ್ಲ” ಎಂದ. ಆ ಕಡೆ ಇದ್ದದ್ದು ಬರೀ ಕ್ರೀ ಇಲಿಗಳು, ನನ್ನ ಜೀನಿಗೂ ಅವಕ್ಕೂ ಸಂಬಂಧವಿರಲಿಲ್ಲ. ತೂಗಿ ನೋಡಿದೆ. ಅವನ ಕೈ ಹೇಳಿದ್ದು ನಿಜವಾಗಿತ್ತು. ನೆಸ್ಟಿನ್-ಕ್ರೀ ಇಲಿಗಳಲ್ಲಿ ಬೆಳವಣಿಗೆ ಹಾರ್ಮೋನೇ ಕಡಿಮೆ, ಮೈಯೂ ಸಣ್ಣದು ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನ ಎಂಟು ತಿಂಗಳಿಗಿಂತ ಹೆಚ್ಚಾಗಿ, ಅಷ್ಟು ಜೀವಗಳನ್ನು ಸುಮ್ಮನೆ ಕಳೆದೆನಲ್ಲ ಎಂದು ಇಂದಿಗೂ ನೋಯುತ್ತದೆ.

ನೀನು ಕೆಲಸ ಮಾಡುವುದು ಇನ್ಸುಲಿನ್ ಸುರಿಸುವ ಬೀಟಾ ಜೀವಕೋಶದ ಮೇಲೆ. ಅಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಬೀಟಾ ಜೀವಕೋಶದಲ್ಲಿ ಕತ್ತರಿಸಲೆಂದು ವರ್ಷಗಟ್ಟಲೆ ಎಷ್ಟೋ ಲ್ಯಾಬುಗಳು ಬಳಸಿದ ರಿಪ್-ಕ್ರೀ ಇಲಿಗಳಿಗೆ, ಯಾವ ಜೀನನ್ನೂ ತೆಗೆಯದಿದ್ದರೂ, ಸಕ್ಕರೆ ತಡೆದುಕೊಳ್ಳುವ ಶಕ್ತಿ ಕಡಿಮೆ ಎಂದು 2006ರಲ್ಲಿ ಹೊರಬಿತ್ತು. ಸಾಲದ್ದಕ್ಕೆ ಆ ಕ್ರೀ ಮಿದುಳಿನ ಹೈಪೋಥಲಾಮಸ್‌ನಲ್ಲೂ ಕೆಲಸ ಮಾಡುತ್ತದೆ. ಹಸಿವು, ತೂಕಗಳನ್ನು ಆಳುವ ಜಾಗ ಅದು. ಬೀಟಾ ಜೀವಕೋಶದಿಂದ ಬಂತೆಂದುಕೊಂಡ ಬೊಜ್ಜು ಮಿದುಳಿನಿಂದ ಬಂದಿದ್ದರೆ?

ಅದಕ್ಕೇ ಹೇಳುವುದು, ಜೀನಿನ ಮೇಲೆ ಕೈ ಇಡುವ ಮೊದಲು ನಿನ್ನ ಕ್ರೀ ಇಲಿಯನ್ನು, ಕ್ರೀ ಕತ್ತರಿಸಿದಲ್ಲೆಲ್ಲ ಕೆಂಪಗೆ ಹೊಳೆಯುವ ರಿಪೋರ್ಟರ್ ಇಲಿಯೊಂದಿಗೆ ಕೂಡಿಸು. ಬೀಟಾ ಜೀವಕೋಶವಿರುವ ಮೇದೋಜೀರಕ ಒಂದನ್ನೇ ಕೊಯ್ದು ನೋಡಬೇಡ. ಮಿದುಳು, ಯಕೃತ್ತು, ವೃಷಣ ಎಲ್ಲವನ್ನೂ ನೋಡು. ವೃಷಣ ಹೊಳೆದರೆ ಮುಂದಿನ ಪೀಳಿಗೆಯಲ್ಲಿ ಇಡೀ ಮೈಯಿಂದಲೇ ಜೀನ್ ಹೋಗಿಬಿಟ್ಟೀತು, ನಿನಗೆ ಗೊತ್ತೂ ಆಗದು. ಟ್ಯಾಮೊಕ್ಸಿಫೆನ್ ಕೊಟ್ಟು ಕ್ರೀಯನ್ನು ಎಬ್ಬಿಸುವ ಬಗೆಯದಾದರೆ ಕಂಟ್ರೋಲ್ ಇಲಿಗಳಿಗೂ ಅಷ್ಟೇ ಔಷಧಿ, ಅಷ್ಟೇ ದಿನ ಕೊಡು. ಆ ಔಷಧಿಯೇ ತೂಕ ಇಳಿಸುತ್ತದೆ. ಜೀನ್ ಹೋಗಿದೆ ಎಂದು ಪಿಸಿಆರ್ ಹೇಳಿದರೆ ಸಾಲದು, ಪ್ರೋಟೀನೂ ಹೋಗಿದೆಯೇ ಎಂದು ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡು.

ಸೂಲಿನ ಲೆಕ್ಕವನ್ನೂ ಈಗಲೇ ಹಾಕು. ಎರಡೂ ಪ್ರತಿ ಫ್ಲಾಕ್ಸ್ ಇರುವ ಇಲಿಗೆ, ಒಂದು ಫ್ಲಾಕ್ಸ್ ಮತ್ತು ಒಂದು ಕ್ರೀ ಇರುವ ಇಲಿಯನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಮಾತ್ರ ನಿನಗೆ ಬೇಕಾದ್ದು. ಉಳಿದ ಮೂರನ್ನು ಬೇಡದವು ಅನ್ನಬೇಡ ಪುಟ್ಟಿ. ಅದೇ ಸೂಲಿನಲ್ಲಿ ಕ್ರೀ ಇದ್ದು ಜೀನಿನ ಒಂದು ಪ್ರತಿ ಉಳಿದ ಮರಿ ಇರುತ್ತದೆ, ಕ್ರೀ ಇಲ್ಲದವೂ ಇರುತ್ತವೆ. ನಿನ್ನ ಕಂಟ್ರೋಲ್‌ಗಳು ಅವೇ. ಜೊತೆಗೆ ಬರೀ ಕ್ರೀ ಇರುವ, ಫ್ಲಾಕ್ಸ್ ಇಲ್ಲದ ಒಂದು ಗುಂಪನ್ನು ಬೇರೆಯಾಗಿ ಇಟ್ಟುಕೊ. ಗಂಡು, ಹೆಣ್ಣು ಎರಡನ್ನೂ ಲೆಕ್ಕಕ್ಕೆ ತಗೊ.

ಪ್ರಾಣಿ ನೈತಿಕ ಸಮಿತಿಗೆ ಅರ್ಜಿ ಬರೆಯುವ ಮೊದಲು ಒಂದು ಭಾನುವಾರ ಮನೆಗೆ ಬಾ. ಬ್ರೀಡಿಂಗ್ ಚಾರ್ಟ್ ತರುವುದನ್ನು ಮರೆಯಬೇಡ. ಊಟ ಆದಮೇಲೆ ಇಬ್ಬರೂ ಕೂತು ಪಂಜರಗಳನ್ನು ಎಣಿಸೋಣ.