ಬಾಣಂತಿಯೂ ಯಕೃತ್ತಿನ ಆರೋಗ್ಯವೂ

ಮನೆಯಲ್ಲಿ ಶಿಶು ಹುಟ್ಟಿದೊಡನೆ ಎಲ್ಲರ ದೃಷ್ಟಿಯೂ ತೊಟ್ಟಿಲಿನ ಕಡೆಗೆ ತಿರುಗುವುದು ಸಹಜವೇ. ಆದರೆ ತಾಯಿಗೆ ಬರತಕ್ಕ ಅಪಾಯಗಳೆಲ್ಲವೂ ಹೆರಿಗೆಯೊಡನೆ ಮುಗಿಯುವುದಿಲ್ಲ. ಕೆಲವು ಹೆರಿಗೆಯ ತರುವಾಯವೇ ತೋರುವುವು. ಅವುಗಳಲ್ಲಿ ಯಕೃತ್ತಿನ ವ್ಯಾಧಿಗಳನ್ನು ಕುರಿತು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಅವರ ತಾಯಂದಿರಿಗೂ ಒಂದೆರಡು ಮಾತುಗಳನ್ನು ಹೇಳಲಿಚ್ಛಿಸುತ್ತೇವೆ.

ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ, ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಅಂಗ. ಪಿತ್ತರಸವನ್ನು ಉತ್ಪತ್ತಿಮಾಡುವುದೂ, ರಕ್ತವು ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳನ್ನು ಸಿದ್ಧಪಡಿಸುವುದೂ ಇದರ ಕೆಲಸಗಳು. ಇದು ಬಲಗುಂದಿದರೆ ಬಿಲಿರುಬಿನ್ ಎಂಬ ಹಳದಿ ದ್ರವ್ಯವು ರಕ್ತದಲ್ಲಿ ನಿಂತು ಕಾಮಾಲೆಯುಂಟಾಗುವುದು.

ಬಾಣಂತಿಗೆ ಎಣ್ಣೆ ಅರಿಶಿನ ಹಚ್ಚಿ ಎರೆಯುವ ಪದ್ಧತಿಯು ನಮ್ಮ ನಾಡಿನಲ್ಲುಂಟು; ಬಾಣಂತಿಯ ಕೋಣೆಯೂ ಅನೇಕ ಮನೆಗಳಲ್ಲಿ ಮಬ್ಬಾಗಿರುವುದು. ಆದುದರಿಂದ ಮೈಯ ಹಳದಿಯು ಅರಿಶಿನದ್ದೋ ಕಾಮಾಲೆಯದೋ ತಿಳಿಯದೆ ಹೋಗಬಹುದು. ಹಗಲಿನ ಬೆಳಕಿನಲ್ಲಿ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಕಣ್ಣಿನ ಬಿಳಿಭಾಗವನ್ನು ನೋಡತಕ್ಕದ್ದು. ಮೈಗೆ ಹಚ್ಚಿದ ಅರಿಶಿನವು ಅದನ್ನು ಹಳದಿಗೊಳಿಸದು. ಮೂತ್ರವು ಕಡುಚಹದ ಬಣ್ಣಕ್ಕೆ ತಿರುಗಿದೆಯೇ, ಮಲವು ಬಿಳಿಚಿಕೊಂಡಿದೆಯೇ ಎಂದೂ ಕೇಳತಕ್ಕದ್ದು.

ರಕ್ತಪರೀಕ್ಷೆಯ ಅಂಕೆಗಳನ್ನು ಓದುವಾಗಲೂ ವಿವೇಚನೆ ಬೇಕು. ಆಲ್ಕಲೈನ್ ಫಾಸ್ಫಟೇಸ್ ಎಂಬ ದ್ರವ್ಯವು ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾಸಿನಿಂದಲೂ ಉತ್ಪತ್ತಿಯಾಗುವುದು. ಹೆರಿಗೆಯಾದ ಕೆಲವು ವಾರಗಳವರೆಗೆ ಅದೊಂದೇ ತುಸು ಹೆಚ್ಚಾಗಿದ್ದರೆ ಯಕೃತ್ತು ಕೆಟ್ಟಿತೆಂದು ಅಂಜಬೇಕಾಗಿಲ್ಲ. ಬಿಲಿರುಬಿನ್ ಏರಿದ್ದರೆ ಮಾತ್ರ ಅದು ಹೆರಿಗೆಯ ಸಹಜ ಫಲವೆಂದು ಸುಮ್ಮನಿರಲಾಗದು; ಕಾರಣವನ್ನು ವೈದ್ಯರು ಹುಡುಕಲೇಬೇಕು. ಗರ್ಭಿಣಿಯಾಗಿದ್ದಾಗ ಅಂಗೈ ಅಂಗಾಲುಗಳಲ್ಲಿ ಗುಳ್ಳೆಯಿಲ್ಲದ ತುರಿಕೆಯಿದ್ದು, ಆಗ ಯಕೃತ್ತಿನ ದೋಷವು ಕಂಡಿದ್ದವರು, ತುರಿಕೆ ನಿಂತರೂ ಸುಮಾರು ಆರು ವಾರಗಳ ಬಳಿಕ ಮರುಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ತ್ವರೆಯನ್ನು ಬೇಡುವ ವ್ಯಾಧಿಯೊಂದುಂಟು. ಅಮೆರಿಕದ ವೈದ್ಯ ಲೂಯಿಸ್ ವೈನ್‌ಸ್ಟೈನ್ ಅವರು 1982ರಲ್ಲಿ ಅದಕ್ಕೆ ‘ಹೆಲ್ಪ್’ ಎಂದು ಹೆಸರಿಟ್ಟರು. ಇದರಲ್ಲಿ ಕೆಂಪು ರಕ್ತಕಣಗಳು ಒಡೆಯುವುವು, ಯಕೃತ್ತು ಘಾಸಿಗೊಳ್ಳುವುದು, ಪ್ಲೇಟ್‌ಲೆಟ್ಟುಗಳು ತಗ್ಗುವುವು. ಕೆಲವರಿಗೆ ಇದು ಹೆರಿಗೆಯಾದ ಮೇಲೆ, ಬಹುಮಟ್ಟಿಗೆ 48 ಗಂಟೆಗಳೊಳಗೆ, ಮೊದಲ ಬಾರಿಗೆ ತೋರುವುದು. ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಬಲಪಕ್ಕೆಯಲ್ಲಿ ನೋವು, ವಾಂತಿ, ತೀವ್ರವಾದ ತಲೆನೋವು ಇವು ಕಂಡಾಗ ಅಜೀರ್ಣವೆಂದೆಣಿಸಿ ಕಷಾಯ ಕೊಟ್ಟು ಕಾಯುತ್ತ ಕುಳಿತರೆ ಪ್ರಾಣಕ್ಕೇ ಅಪಾಯ. ಒಡನೆಯೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಸೋದರಿಯರೇ, ಮಗುವನ್ನು ನೋಡಲು ಹೋದಾಗ ಕಿಟಕಿಯನ್ನು ತೆರೆದು ತಾಯಿಯ ಕಣ್ಣುಗಳನ್ನೂ ನೋಡಿರಿ. ಆಕೆಗೇನಾದರೂ ನೋವುಂಟೋ ಎಂದು ಕೇಳಿರಿ. ನಾವು ಕಲಿತ ವಿದ್ಯೆಯು ಹೀಗೆ ಒಬ್ಬ ತಾಯಿಯನ್ನು ಉಳಿಸಿದರೂ ಸಾರ್ಥಕವಾಯಿತು.